ಕಾಗದ ತಗೊಂಡು ಬರ್ರಿ

2025ರ ಜುಲೈ ಎರಡನೇ ವಾರ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹೊರಗೆ ಕೊಡೆ ಹಿಡಿದುಕೊಂಡು ನಿಂತಿದ್ದೆ. ಅಕ್ಕನ ಮಗಳು ಬರುವವಳಿದ್ದಳು. ಈ ಹಿಂದೆ ಅವಳು ಎರಡು ಸಲ ಊರಿಗೆ ಬಂದದ್ದುಂಟು. ಆಗ ಅಪ್ಪ, ಅವ್ವ ಜೊತೆಗಿದ್ದರು, ತಿರುಗಿ ಹೋಗುವ ಟಿಕೀಟು ಮೊದಲೇ ತೆಗೆಸಿ ಇಟ್ಟುಕೊಂಡಿದ್ದರು. ಈ ಸಲ ಒಬ್ಬಳೇ. ಎರಡು ದೊಡ್ಡ ಸೂಟ್‌ಕೇಸು, ಬೆನ್ನಿಗೊಂದು ಚೀಲ. ವಯಸ್ಸು 23. ಅದರಲ್ಲಿ ಹದಿನೆಂಟು ವರ್ಷ ಅಮೆರಿಕದ ಟೆಕ್ಸಾಸ್‌ನಲ್ಲಿ ಕಳೆದಿದೆ.

ಕಾರು ಯಮಕನಮರಡಿ ದಾಟುವಾಗ ಅವಳು, "ಮಾಮಾ, ನೀರಡಿಕಿ ಆಗೇತಿ" ಅಂದಳು. ಗಾಡಿ ಹೊಡೆಯುತ್ತಿದ್ದ ಹುಡುಗ ಕನ್ನಡಿಯಲ್ಲಿ ಅವಳನ್ನು ನೋಡಿ ನಕ್ಕ. ಅಮೆರಿಕದಿಂದ ಬಂದವಳು ಹೀಗೆ ಮಾತಾಡುತ್ತಾಳೆಂದು ಅವನು ಎಣಿಸಿರಲಿಲ್ಲ. ಹುಕ್ಕೇರಿಯ ಇಂಗ್ಲಿಷ್ ಮೀಡಿಯಂ ಹುಡುಗರು ಈಗ ಹೀಗೆ ಮಾತಾಡುವುದಿಲ್ಲ. ಇವಳ ಕನ್ನಡ 2007ರಲ್ಲಿ ಊರು ಬಿಟ್ಟ ಐದೂವರೆ ವರ್ಷದ ಕೂಸಿನ ಕನ್ನಡ. ಅಲ್ಲಿಂದ ಮುಂದೆ ಅದು ಬೆಳೆದಿಲ್ಲ, ಹಾಳಾಗಿಯೂ ಇಲ್ಲ. ಅಲ್ಲಿನ ಕನ್ನಡ ಕೂಟದಲ್ಲಿ ಬೆಂಗಳೂರು, ಮೈಸೂರು ಕಡೆಯವರೇ ಹೆಚ್ಚು. ಇವಳು ಬಾಯಿ ತೆರೆದರೆ ಹುಡುಗರು ನಗುತ್ತಿದ್ದರಂತೆ. ಸಿಟ್ಟಿಗೆದ್ದು ಇವಳು ಅದನ್ನೇ ಗಟ್ಟಿ ಹಿಡಿದುಕೊಂಡಳು.

ಅವಳನ್ನು ಯಾರೂ ಕೈಕೋಳ ತೊಡಿಸಿ ಕಳಿಸಿರಲಿಲ್ಲ. ಅದೇ ವರ್ಷದ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿದ್ದನ್ನು ಟಿವಿಯಲ್ಲಿ ನೋಡಿ ನಮ್ಮವ್ವ ಗಾಬರಿಯಾಗಿದ್ದಳು. "ನಮ್ ಕೂಸಿನ್ನೂ ಹಿಂಗ ಕಟ್ಟಿ ತರ್ತಾರೇನೋ?" ಇಲ್ಲವ್ವಾ, ಇವಳು ತಾನೇ ಟಿಕೀಟು ತೆಗೆಸಿಕೊಂಡು ಬರ್ತಾಳೆ ಅಂದೆ. ಹೇಳುವಾಗ ಅದು ಸಮಾಧಾನದ ಮಾತಿನ ಹಾಗೆ ಕೇಳಿಸಿತ್ತು.

ಭಾವ ಹುಕ್ಕೇರಿಯವರು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದವರು. ಎಚ್-1ಬಿ ವೀಸಾದ ಮೇಲೆ ಹೋದರು. ಹೆಂಡತಿ ಮಕ್ಕಳಿಗೆ ಅದರ ಬಾಲವಾಗಿ ಎಚ್-4 ಸಿಗುತ್ತದೆ. ಬಾಲಕ್ಕೊಂದು ಅಳತೆ ಇದೆ: ಮಕ್ಕಳಿಗೆ 21 ತುಂಬುವ ತನಕ ಮಾತ್ರ. ಅಷ್ಟರೊಳಗೆ ಅಪ್ಪನಿಗೆ ಗ್ರೀನ್ ಕಾರ್ಡು ಬಂದರೆ ಮಕ್ಕಳಿಗೂ ಬಂತು. ಬರದಿದ್ದರೆ ಮಗ ಅಥವಾ ಮಗಳು ಬೇರೆ ದಾರಿ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಆದ್ದರಿಂದ ನಮ್ಮವರ ಸಾಲು ದಶಕಗಳಷ್ಟು ಉದ್ದ.

ಭಾವ ನಡುವೆ ಕಂಪನಿ ಬದಲಿಸಿದ್ದರು. ಅವರ ಅರ್ಜಿಯ ತಾರೀಖು 2015ರ ಮಾರ್ಚ್. ಪ್ರತಿ ತಿಂಗಳೂ ಅಲ್ಲಿನ ಸರ್ಕಾರ ಒಂದು ಪಟ್ಟಿ ಹೊರಡಿಸುತ್ತದೆ, ಯಾವ ತಾರೀಖಿನ ಅರ್ಜಿಯವರೆಗೆ ಸಾಲು ಬಂದಿದೆ ಎಂದು. ನಮ್ಮ ಕಡೆ ರೈತರು ಕೆನಾಲಿಗೆ ನೀರು ಬಿಡುವ ದಿನ ಕಾಯುತ್ತಾರಲ್ಲ, ಹಾಗೆ ಅಕ್ಕ ಆ ಪಟ್ಟಿಗೆ ಕಾಯುತ್ತಿದ್ದಳು. 2022ರ ಬೇಸಿಗೆಯಲ್ಲಿ ಭಾವನ ವರ್ಗದ ಸಾಲು 2014ರ ಡಿಸೆಂಬರ್‌ವರೆಗೆ ಬಂತು. ಇನ್ನು ನಾಲ್ಕೇ ತಿಂಗಳ ಅಂತರ! ಮಗಳಿಗೆ 21 ತುಂಬುವುದು ನವೆಂಬರಿನಲ್ಲಿ. ಅಕ್ಕ ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತಳು. ಅಕ್ಟೋಬರ್ ಪಟ್ಟಿ ಬಂದಾಗ ಸಾಲು 2012ರ ಏಪ್ರಿಲ್‌ಗೆ ಹೋಗಿ ನಿಂತಿತ್ತು. ಹೌದು, ಹಿಂದಕ್ಕೆ. ಸಾಲು ಹಿಂದಕ್ಕೂ ಸರಿಯುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ರೇಷನ್ ಅಂಗಡಿ ಮುಂದೆ ಹಾಗೆ ಮಾಡಿದ್ದರೆ ಜನ ಸುಮ್ಮನಿರುತ್ತಿರಲಿಲ್ಲ.

ಉಳಿದದ್ದು ವಿದ್ಯಾರ್ಥಿ ವೀಸಾ, ಎಫ್-1. ಅದಕ್ಕೊಂದು ಕರಾರಿದೆ. ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಉದ್ದೇಶವಿದೆ ಎಂದು ತೋರಿಸಬೇಕು. ಒಂದನೇ ಇಯತ್ತೆಯಿಂದ ಅಲ್ಲೇ ಓದಿದ ಹುಡುಗಿ ಅದನ್ನು ತೋರಿಸುವುದು ಹೇಗೆ? ಊರಲ್ಲಿ ಬೇರಿದೆ ಎನ್ನುವುದಕ್ಕೆ ಪುರಾವೆಯಾದೀತೆಂದು ಅಕ್ಕ ನನಗೆ ಫೋನು ಮಾಡಿ, ಹುಕ್ಕೇರಿ ಹೊಲದ ಉತಾರ ತೆಗೆಸಿ ಕಳಿಸು ಅಂದಳು. ನಾನು ಗೋಕಾಕದಿಂದ ಬಸ್ಸು ಹತ್ತಿ ಹೋಗಿ ತೆಗೆಸಿದೆ. ಎರಡೆಕರೆ ಚಿಲ್ಲರೆ ಜಮೀನು, ಆ ವರ್ಷ ಕಬ್ಬು. ಆ ಉತಾರದ ಫೋಟೋ ನೋಡಿ ಅವಳು ನನಗೆ ಬರೆದಳು: "ಮಾಮಾ, ನಾ ವಾಪಸ್ ಹೋಗ್ತೀನಿ ಅಂತ ಸಹಿ ಮಾಡೀನಿ. ಎಲ್ಲಿಗೆ ಅಂತ ನನಗ ಗೊತ್ತಿಲ್ಲ."

ಪದವಿ ಮುಗಿಯಿತು. ಅವಳ ವಿಷಯ ಇತಿಹಾಸ. ವಿಜ್ಞಾನ, ತಂತ್ರಜ್ಞಾನ ಓದಿದವರಿಗಿರುವ ಹೆಚ್ಚುವರಿ ಎರಡು ವರ್ಷದ ಸವಲತ್ತು ಅದಕ್ಕಿಲ್ಲ, ಒಂದು ವರ್ಷದ ಕೆಲಸಕ್ಕೆ ಮಾತ್ರ ಅನುಮತಿ. ಒಂದು ಸಣ್ಣ ಪ್ರಕಾಶನದಲ್ಲಿ ಕೆಲಸ ಮಾಡಿದಳು. ಎಚ್-1ಬಿ ಲಾಟರಿಯಲ್ಲಿ ಹೆಸರು ಬರಲಿಲ್ಲ. ಹೀಗೆ, ಒಂದೇ ಒಂದು ದಿನವೂ ಕಾನೂನು ಮುರಿಯದೆ, ಅವಳು ಸಾಂಬ್ರಾದಲ್ಲಿ ಇಳಿದಳು. ಇವಳಂಥವರು ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಬಹುಪಾಲು ನಮ್ಮ ದೇಶದವರ ಮಕ್ಕಳು.

ಈಗ ಅವಳ ಗೆಳತಿಯ ವಿಷಯ ಹೇಳಬೇಕು. ಮೆಕ್ಸಿಕೋದವಳು. 2005ರಲ್ಲಿ, ಮೂರು ವರ್ಷ ತುಂಬುವ ಮೊದಲೇ, ತಾಯಿ ಅವಳನ್ನು ಎತ್ತಿಕೊಂಡು ರಿಯೋ ಗ್ರಾಂಡೆ ನದಿ ದಾಟಿದ್ದಳು. ಕಾಗದವಿಲ್ಲದೆ. ನಮ್ಮ ಹುಡುಗಿಯೂ ಅವಳೂ ಒಂದೇ ಹೈಸ್ಕೂಲು, ಒಂದೇ ಬೆಂಚು. ಹದಿನಾರಕ್ಕೆ ಎಲ್ಲರೂ ಕಾರಿನ ಲೈಸೆನ್ಸು ಮಾಡಿಸುವಾಗ ಅವಳೊಬ್ಬಳು, ನನಗೆ ಕಾರಿನ ಹುಚ್ಚಿಲ್ಲ ಎಂದು ಸುಮ್ಮನಿದ್ದಳಂತೆ. ಆಮೇಲೆ ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಜ ಹೇಳಿದಳು.

ಮನೆಗೆ ಬಂದು ಇವಳು ಅದನ್ನು ಹೇಳಿದಾಗ ಭಾವನ ಮುಖ ಗಂಟಾಯಿತು. ಅವರದು ಒಂದೇ ಮಾತು: "ನಾವು ಸಾಲಿನಾಗ ನಿಂತವ್ರು. ಅವ್ರು ಸಾಲು ಹಾರಿ ಬಂದವ್ರು. ಎರಡನ್ನೂ ಒಂದs ತಕ್ಕಡ್ಯಾಗ ಹಾಕಬ್ಯಾಡ." ಭಾವ ಕೆಟ್ಟವರಲ್ಲ. ಹದಿನೈದು ವರ್ಷ ತೆರಿಗೆ ಕಟ್ಟಿ, ಪ್ರತಿ ಮೂರು ವರ್ಷಕ್ಕೊಮ್ಮೆ ವೀಸಾ ಮುಂದುವರಿಸಿಕೊಂಡು, ಊರಿನಲ್ಲಿ ಸ್ವಂತ ಅಪ್ಪ ತೀರಿಕೊಂಡಾಗಲೂ ತಿರುಗಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಅಳುಕಿ ಬಾರದೆ ಉಳಿದವರು. ಸಾಲಿನಲ್ಲಿ ಅಷ್ಟು ಕಷ್ಟಪಟ್ಟು ನಿಂತವರಿಗೆ ಸಾಲೇ ಧರ್ಮವಾಗಿಬಿಡುತ್ತದೆ. ನನಗೂ ಆಗ ಅವರ ಮಾತು ಸರಿ ಅನ್ನಿಸಿತ್ತು.

ಈ ಗೆಳತಿಯಂಥವರಿಗಾಗಿ ಅಲ್ಲೊಂದು ಮಸೂದೆ ಇದೆ, ಡ್ರೀಮ್ ಆ್ಯಕ್ಟ್. ಬಾಲ್ಯದಲ್ಲಿ ಬಂದವರು, ಅಲ್ಲೇ ಓದಿದವರು, ಅಪರಾಧ ಮಾಡದವರು ಇಂಥವರನ್ನು ಗಡೀಪಾರು ಮಾಡಬಾರದು, ಕ್ರಮೇಣ ಕಾಯಂ ವಾಸಕ್ಕೆ ದಾರಿ ಕೊಡಬೇಕು ಎನ್ನುವುದು ಅದರ ತಿರುಳು. ಅದು ಹುಟ್ಟಿದ ಕಥೆ ಚೆನ್ನಾಗಿದೆ. ಚಿಕಾಗೋದಲ್ಲಿ ತೆರೇಸಾ ಲೀ ಎಂಬ ಹುಡುಗಿ ಪಿಯಾನೋ ಕಲಿಯುತ್ತಿದ್ದಳು. ಕೊರಿಯಾ ಮೂಲದ ತಂದೆತಾಯಿ, ಹುಟ್ಟಿದ್ದು ಬ್ರೆಜಿಲ್‌ನಲ್ಲಿ, ಎರಡು ವರ್ಷದವಳಿದ್ದಾಗ ಅಮೆರಿಕಕ್ಕೆ ಬಂದವಳು. ದೊಡ್ಡ ಸಂಗೀತ ಶಾಲೆಗಳಿಗೆ ಅರ್ಜಿ ಹಾಕುವಾಗ ಕಾಗದವಿಲ್ಲ ಎಂಬುದು ಹೊರಬಿತ್ತು. ಅವಳ ಸಂಗೀತ ಶಾಲೆಯವರು ಸೆನೆಟರ್ ಡಿಕ್ ಡರ್ಬಿನ್ ಅವರ ಕಚೇರಿಗೆ ಫೋನು ಮಾಡಿದರು. ಡರ್ಬಿನ್ ಡೆಮಾಕ್ರಾಟ್. ರಿಪಬ್ಲಿಕನ್ ಪಕ್ಷದ ಆರಿನ್ ಹ್ಯಾಚ್ ಅವರನ್ನು ಜೊತೆ ಮಾಡಿಕೊಂಡು 2001ರ ಆಗಸ್ಟ್‌ನಲ್ಲಿ ಮಸೂದೆ ತಂದರು. ಅದರ ಮೇಲಿನ ವಿಚಾರಣೆ ಗೊತ್ತಾಗಿದ್ದ ದಿನ ಸೆಪ್ಟೆಂಬರ್ 12. ಅದರ ಹಿಂದಿನ ದಿನ ನ್ಯೂಯಾರ್ಕಿನ ಗೋಪುರಗಳು ಬಿದ್ದವು. ವಿಚಾರಣೆ ನಡೆಯಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಅದು ಬೇರೆ ಬೇರೆ ಹೆಸರಲ್ಲಿ ಎದ್ದು ಬಿದ್ದು ಬರುತ್ತಿದೆ. 2010ರ ಡಿಸೆಂಬರಿನಲ್ಲಿ ಕೆಳಮನೆ 216–198ರಿಂದ ಒಪ್ಪಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲಿಕ್ಕೇ 60 ಮತ ಬೇಕು. ಬಿದ್ದದ್ದು 55. ಬಹುಮತವಿದ್ದೂ ಸೋಲು. 2013ರಲ್ಲಿ ದೊಡ್ಡದೊಂದು ವಲಸೆ ಮಸೂದೆಯ ಭಾಗವಾಗಿ ಸೆನೆಟ್‌ನಲ್ಲಿ 68 ಮತ ಸಿಕ್ಕವು, ಆಗ ಕೆಳಮನೆ ಅದನ್ನು ಮುಟ್ಟಲೇ ಇಲ್ಲ. ನಡುವೆ 2012ರ ಜೂನ್ 15ರಂದು ಅಧ್ಯಕ್ಷ ಒಬಾಮಾ ಕಾನೂನಿಗೆ ಕಾಯದೆ ಸರ್ಕಾರಿ ಆದೇಶದ ಮೇಲೇ ಎರಡೆರಡು ವರ್ಷದ ರಕ್ಷಣೆ ಕೊಡುವ ಡಾಕಾ ಎಂಬ ವ್ಯವಸ್ಥೆ ತಂದರು. (ನಮ್ಮವ್ವ ಇದನ್ನು ಬಾಂಗ್ಲಾದೇಶದ ಢಾಕಾ ಅಂತಲೇ ಬಹಳ ದಿನ ತಿಳಿದಿದ್ದಳು.) ಒಟ್ಟು ಎಂಟು ಲಕ್ಷದಷ್ಟು ಜನಕ್ಕೆ ಅದು ದಕ್ಕಿತು. ಈಗ ಐದು ಲಕ್ಷಕ್ಕೂ ಹೆಚ್ಚು ಮಂದಿ ಅದರ ನೆರಳಲ್ಲಿದ್ದಾರೆ. 2017ರಲ್ಲಿ ಟ್ರಂಪ್ ಅದನ್ನು ನಿಲ್ಲಿಸಹೊರಟರು, 2020ರಲ್ಲಿ ಸುಪ್ರೀಂ ಕೋರ್ಟು 5–4ರಿಂದ ಆ ರೀತಿ ತಪ್ಪು ಅಂದಿತು, 2021ರ ಜುಲೈಯಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶರೊಬ್ಬರು ಹೊಸಬರಿಗೆ ಕೊಡಕೂಡದು ಅಂದರು. ಇದ್ದವರು ನವೀಕರಿಸಿಕೊಳ್ಳಬಹುದು, ಹೊಸಬರಿಗೆ ಬಾಗಿಲು ಹಾಕಿದೆ.

ಗೆಳತಿಯ ನಸೀಬು ನೋಡಿ. ಡಾಕಾಕ್ಕೆ ಅರ್ಜಿ ಹಾಕಲು 15 ತುಂಬಿರಬೇಕು. ಅವಳಿಗೆ 15 ತುಂಬಿದ್ದು 2017ರ ನವೆಂಬರಿನಲ್ಲಿ, ಬಾಗಿಲು ಮುಚ್ಚಿದ್ದು ಸೆಪ್ಟೆಂಬರಿನಲ್ಲಿ. ಕೋರ್ಟಿನ ಆದೇಶದಿಂದ 2020ರ ಡಿಸೆಂಬರಿನಲ್ಲಿ ಬಾಗಿಲು ತುಸು ತೆರೆದಾಗ ಅರ್ಜಿ ಹಾಕಿದಳು. ಅದು ಟೇಬಲ್ಲಿನ ಮೇಲಿರುವಾಗಲೇ ಮತ್ತೆ ಮುಚ್ಚಿತು. ಇನ್ನು ನಮ್ಮ ಹುಡುಗಿ. ಅವಳು ಅಲ್ಲಿ ಕಾಲಿಟ್ಟದ್ದು 2007ರ ಮೇ. ಡಾಕಾ ಕೇಳುವುದು 2007ರ ಜೂನ್ 15ಕ್ಕೆ ಮೊದಲು ಬಂದವರನ್ನು. ವಯಸ್ಸು ಸರಿ, ಓದು ಸರಿ, ನಡತೆ ಸರಿ. ಆದರೆ ಇನ್ನೊಂದು ಷರತ್ತಿದೆ: 2012ರ ಜೂನ್ 15ರಂದು ನಿಮ್ಮ ಬಳಿ ಕಾನೂನುಬದ್ಧ ಕಾಗದ ಇರಬಾರದು. ಇವಳ ಬಳಿ ಇತ್ತು! ಭಾವನಿಗೆ ಇದನ್ನು ಬಿಡಿಸಿ ಹೇಳಿದಾಗ ಫೋನಿನ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಅವಳು ಶಾಲೆಗೆಂದು ಒಂದು ಪ್ರಬಂಧ ಬರೆದಿದ್ದಳು, ಪ್ಲೈಲರ್ ವರ್ಸಸ್ ಡೋ ಎಂಬ ಮೊಕದ್ದಮೆಯ ಮೇಲೆ. 1975ರಲ್ಲಿ ಟೆಕ್ಸಾಸ್ ಒಂದು ಕಾನೂನು ಮಾಡಿತು. ಕಾಗದವಿಲ್ಲದ ಮಕ್ಕಳನ್ನು ಓದಿಸಲು ಶಾಲೆಗಳಿಗೆ ಸರ್ಕಾರಿ ದುಡ್ಡಿಲ್ಲ ಎಂದು. ಟೈಲರ್ ಎಂಬ ಊರಿನ ಶಾಲಾ ಮಂಡಳಿ ಅಂಥ ಮಗುವಿಗೆ ವರ್ಷಕ್ಕೆ 1,000 ಡಾಲರ್ ಫೀ ಇಟ್ಟಿತು. ಕೆಲವು ಕುಟುಂಬಗಳು ಕೋರ್ಟಿಗೆ ಹೋದವು. ಯಾರ ಕಣ್ಣಿಗೂ ಬೀಳದಿರಲೆಂದು ನ್ಯಾಯಾಧೀಶರು ಮುಂಜಾನೆ ಆರಕ್ಕೇ ವಿಚಾರಣೆ ಇಟ್ಟರು. ಹಿಡಿದು ಹೊರಹಾಕಿದರೆ ಇರಲಿ ಎಂದು ಒಂದು ಕುಟುಂಬ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡೇ ಕೋರ್ಟಿಗೆ ಬಂದಿತ್ತು. 1982ರ ಜೂನ್ 15ರಂದು ಸುಪ್ರೀಂ ಕೋರ್ಟು 5–4ರಿಂದ ತೀರ್ಪು ಕೊಟ್ಟಿತು: ದಾಟಿ ಬಂದದ್ದು ತಂದೆತಾಯಿಯ ನಿರ್ಧಾರ, ಅದಕ್ಕೆ ಮಕ್ಕಳ ಶಾಲೆ ಕಿತ್ತುಕೊಳ್ಳುವಂತಿಲ್ಲ. ಆ ಗೆಳತಿ ಹನ್ನೆರಡನೇ ಇಯತ್ತೆಯವರೆಗೆ ಓದಿದ್ದು ಈ ತೀರ್ಪಿನ ಬಲದಿಂದ. ಆದರೆ ಅದರ ಬಲ ಶಾಲೆಯ ಗೇಟಿನವರೆಗೆ ಮಾತ್ರ.

ಪ್ರಬಂಧ ಬರೆಯುವಾಗ ಅವಳು ನನಗೆ ಫೋನು ಮಾಡಿದ್ದಳು. "ಮಾಮಾ, ನೀ ಮಾಸ್ತರ ಅಲ್ಲ? ನಿಮ್ ಸಾಲಿಗೆ ಕಾಗದ ಇಲ್ಲದ ಹುಡುಗೂರು ಬಂದ್ರ ಏನ್ ಮಾಡ್ತೀರಿ?"

"ಸೇರಿಸ್ಕೋತೀವಿ" ಅಂದೆ. "ನಮ್ ಕಡೆ ಕಾಯ್ದೆನ ಐತಿ."

ಹೇಳಿದ್ದು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ತಡೆಯುವಂತಿಲ್ಲ ಎನ್ನುವುದು ಅದಕ್ಕೂ ಮೊದಲಿನ 5ನೇ ಕಲಮಿನಲ್ಲಿದೆ. 2010ರ ಏಪ್ರಿಲ್ 1ರಿಂದ ಜಾರಿ. ಆಮೇಲೆ ನಾನೇ ಎಷ್ಟೋ ಮಕ್ಕಳನ್ನು ಬರೆದುಕೊಂಡಿದ್ದೇನೆ. ಹೇಳದೆ ಬಿಟ್ಟದ್ದು ಅದಕ್ಕಿಂತ ಮುಂಚಿನದು.

2006ರ ನವೆಂಬರ್. ನಾನು ಮೂಡಲಗಿ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಆಗ ಮೂಡಲಗಿ ಇನ್ನೂ ತಾಲ್ಲೂಕಾಗಿರಲಿಲ್ಲ, ಗೋಕಾಕಕ್ಕೇ ಸೇರಿತ್ತು. ಮುಖ್ಯ ಗುರುಗಳು ದೀರ್ಘ ರಜೆಯಲ್ಲಿದ್ದುದರಿಂದ ಚಾರ್ಜು ನನ್ನ ಕೈಯಲ್ಲಿತ್ತು. ನಮ್ಮ ಕಡೆಯವರಿಗೆ ಗೊತ್ತು, ದೀಪಾವಳಿ ಮುಗಿಯಿತೆಂದರೆ ಕಬ್ಬಿನ ಗ್ಯಾಂಗುಗಳು ಬರುತ್ತವೆ. ಬೀಡ ಜಿಲ್ಲೆಯಿಂದ, ವಿಜಯಪುರದ ಕಡೆಯಿಂದ. ಎತ್ತಿನಗಾಡಿ, ಟ್ರ್ಯಾಕ್ಟರು, ಹೊಲದ ಬದಿಗೆ ಕಬ್ಬಿನ ಸೋಗೆಯ ಗುಡಿಸಲು. ಗಂಡ ಹೆಂಡತಿ ಜೋಡಿಯಾಗಿ ಮುಂಗಡ ತೆಗೆದುಕೊಂಡಿರುತ್ತಾರೆ. ನಸುಕಿನಲ್ಲೇ ಕಡಿಯಲು ಹೋಗುತ್ತಾರೆ. ದೊಡ್ಡ ಹುಡುಗಿ ಸಣ್ಣ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಗುಡಿಸಲು ಕಾಯುತ್ತಾಳೆ. ಮಾರ್ಚ್, ಏಪ್ರಿಲ್‌ಗೆ ಹಂಗಾಮು ಮುಗಿದು ತಿರುಗಿ ಊರಿಗೆ ಹೋಗುವ ಹೊತ್ತಿಗೆ ಅಲ್ಲಿನ ಶಾಲೆಯಲ್ಲಿ ವರ್ಷ ಮುಗಿದಿರುತ್ತದೆ.

ಅಂಥ ಒಬ್ಬಾತ ಒಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಬಂದ. ಎಂಟು ವರ್ಷ ಇದ್ದೀತು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೆಂಪು ರಿಬ್ಬನ್ನು ಕಟ್ಟಿದ್ದರು. ಆತ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಆಚೆಗೇ ನಿಂತು, "ಗುರುಜೀ, ಪೋರೀಲಾ ಬಸೂ ದ್ಯಾ" ಅಂದ. ಹುಡುಗಿಗೆ ಕೂಡಲಿಕ್ಕೆ ಬಿಡ್ರಿ. ಇಷ್ಟೇ. ಗಡಿಯ ಕಡೆಯವರಾದ ನಮಗೆ ಮರಾಠಿ ತಿಳಿಯದ್ದೇನಲ್ಲ. ನಾನು ಟಿ.ಸಿ. ಕೇಳಿದೆ. ಇಲ್ಲ. ಜನ್ಮ ದಾಖಲೆ? ಅದೂ ಇಲ್ಲ. ಮೇಲಿನವರು ತಪಾಸಣೆಗೆ ಬಂದರೆ ಉತ್ತರ ಕೊಡುವವನು ನಾನು. ಹಾಜರಿ ಪುಸ್ತಕದಲ್ಲಿ ಇಲ್ಲದ ಹುಡುಗಿಗೆ ಏನಾದರೂ ಆದರೆ? "ಕಾಗದ ತಗೊಂಡು ಬರ್ರಿ" ಅಂದೆ. ಮರಾಠಿಯಲ್ಲಿ ಹೇಳಬಹುದಿತ್ತು, ಕನ್ನಡದಲ್ಲೇ ಹೇಳಿದೆ. ಆತ ಕೈಮುಗಿದು ಹೋದ. ಹುಡುಗಿ ಒಂದು ಸಲ ಒಳಗೆ ನೋಡಿದಳು. ಒಳಗೆ ಎರಡನೇ ಇಯತ್ತೆಯವರು ಮಗ್ಗಿ ಹೇಳುತ್ತಿದ್ದರು.

ಸುಮ್ಮನೆ ಕೂರಿಸಿಕೊಂಡಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಬೇರೆ ಶಾಲೆಗಳಲ್ಲಿ ಕೂರಿಸಿಕೊಂಡ ಮಾಸ್ತರರಿದ್ದರು. ಗುಡಿಸಲಿನ ಹತ್ತಿರವೇ ಟೆಂಟ್ ಶಾಲೆ ನಡೆಸಿದವರಿದ್ದರು.

ನನ್ನ ಸರದಿ 2019ರ ಆಗಸ್ಟ್‌ನಲ್ಲಿ ಬಂತು. ಘಟಪ್ರಭೆ ಗೋಕಾಕದ ಓಣಿಗಳೊಳಗೆ ಹೊಕ್ಕಾಗ ನಮ್ಮ ಮನೆಯ ಟ್ರಂಕು ಎರಡು ದಿನ ನೀರಲ್ಲಿತ್ತು. ಮನೆಯ ಖರೀದಿ ಪತ್ರ, ಅಪ್ಪನ ಹೊಲದ ಕಾಗದ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲ ಅಂಬಲಿಯಾಗಿದ್ದವು. ಬಿಸಿಲು ಬಿದ್ದ ದಿನ ಉಳಿದ ಹಾಳೆಗಳನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಚಿಮಟಿಗೆ ಹಾಕಿ ತೂಗಿಬಿಟ್ಟೆ. ನೆರೆಮನೆಯವರದೂ ಅದೇ ಕಥೆ, ಓಣಿಯ ತುಂಬ ಕಾಗದದ ತೋರಣ. ಆಮೇಲೆ ನಾನೂ ಸಾಲಿನಲ್ಲಿ ನಿಂತು, ಪ್ರವಾಹದಲ್ಲಿ ಹಾಳಾಗಿದೆ ಎಂದು ಅರ್ಜಿ ಬರೆದುಕೊಟ್ಟೆ. ನಂಬಿದರು. ಹೊಸ ಪ್ರತಿ ಕೊಟ್ಟರು. ನಾನು ಮಾಸ್ತರ, ಇದೇ ಊರಿನವನು, ನನ್ನ ಅಪ್ಪನನ್ನು ಬಲ್ಲವರಿದ್ದರು. ಆ ಬೀಡದವನನ್ನು ಮೂಡಲಗಿಯಲ್ಲಿ ಬಲ್ಲವರು ಯಾರಿದ್ದರು?

ಅಮೆರಿಕವನ್ನು ಬೈದು ಮುಗಿಸುವ ಹಾಗೂ ಇಲ್ಲ. ನಮ್ಮ ಪೌರತ್ವ ಕಾಯ್ದೆಯೂ ತಂದೆತಾಯಿಯ ಕಾಗದವನ್ನು ಮಗುವಿನ ಹಣೆಗೆ ಅಂಟಿಸುತ್ತದೆ. 1987ರ ಜುಲೈ 1ಕ್ಕೆ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಭಾರತೀಯರು. ಅಲ್ಲಿಂದಾಚೆ ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದ ಮಗುವಿನ ತಂದೆ ಅಥವಾ ತಾಯಿ ಅಕ್ರಮ ವಲಸಿಗರಾಗಿದ್ದರೆ, ಇನ್ನೊಬ್ಬರು ಅಪ್ಪಟ ಭಾರತೀಯರಾಗಿದ್ದರೂ, ಆ ಮಗು ಹುಟ್ಟಿನಿಂದ ಪ್ರಜೆಯಲ್ಲ. ಚಳಿಗಾಲಕ್ಕೆ ಬೆಳಗಾವಿಗೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರನ್ನು ನೀವು ನೋಡಿರುತ್ತೀರಿ. 1987ರ ಗೆರೆಗೆ ಮೊದಲು ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಭಾರತೀಯರೇ ಎಂದು ದೆಹಲಿ ಹೈಕೋರ್ಟು 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದವು. ಅಂದರೆ ಮುಂಡಗೋಡದ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಪ್ರಜೆ, 1988ರ ತಮ್ಮ ಅಲ್ಲ. ಇಬ್ಬರ ಕನ್ನಡವೂ ನಮ್ಮ ಹುಡುಗಿಯದಕ್ಕಿಂತ ಚೆನ್ನಾಗಿದ್ದೀತು.

ಮಸೂದೆ ಪಾಸಾದೀತೇ ಎಂದು ಅಕ್ಕ ಈಗಲೂ ನನ್ನನ್ನು ಕೇಳುತ್ತಾಳೆ, ನಾನೇನೋ ಅಲ್ಲಿನ ಸೆನೆಟರ್ ಎನ್ನುವ ಹಾಗೆ. ಓದಿ ತಿಳಿದದ್ದರ ಮೇಲೆ ನನಗನ್ನಿಸುವುದನ್ನು ಹೇಳುತ್ತೇನೆ. ಹತ್ತಿರದಲ್ಲಿ ಆಗುವ ಲಕ್ಷಣ ಕಾಣುವುದಿಲ್ಲ. ಈ ಮಕ್ಕಳ ಮೇಲೆ ಯಾರಿಗೂ ಸಿಟ್ಟಿಲ್ಲ, ಎರಡೂ ಪಕ್ಷದವರು ಪಾಪ ಅನ್ನುತ್ತಾರೆ. ವಿಚಿತ್ರವೆಂದರೆ ತೊಡಕು ಅಲ್ಲೇ ಇದೆ. ಎಲ್ಲರಿಗೂ ಸಿಹಿಯಾದದ್ದನ್ನು ಯಾರೂ ಬರಿದೆ ಕೊಡಲೊಲ್ಲರು. ಕಹಿ ಗುಳಿಗೆ ನುಂಗಿಸಲು ಬೆಲ್ಲ ಕೈಯಲ್ಲಿ ಹಿಡಿದುಕೊಂಡಂತೆ, ಇನ್ನೊಂದನ್ನು ಮಾಡಿಸಿಕೊಳ್ಳಲು ಈ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ. 2018ರ ಫೆಬ್ರವರಿಯಲ್ಲಿ ಮೆಕ್ಸಿಕೋ ಗಡಿಯ ಗೋಡೆ ಮತ್ತು ಕಾವಲಿಗೆ 2,500 ಕೋಟಿ ಡಾಲರ್, ಬದಲಿಗೆ ಮಕ್ಕಳಿಗೆ ಕಾಗದ ಎಂಬ ಒಪ್ಪಂದ ಸೆನೆಟ್ ಮುಂದೆ ಬಂತು. 54 ಮತ. ಮತ್ತೆ 60ಕ್ಕೆ ಮುಟ್ಟಲಿಲ್ಲ. ಈ ಮಕ್ಕಳಿಗೆ ಏನಾದರೂ ಮಾಡಬೇಕೆಂದು ಟ್ರಂಪ್ 2024ರ ಡಿಸೆಂಬರಿನಲ್ಲಿ ಟಿವಿ ಸಂದರ್ಶನದಲ್ಲಿ ಹೇಳಿದ್ದುಂಟು. ಮುಂದಿನ ಜೂನ್‌ನಲ್ಲಿ ಟೆಕ್ಸಾಸ್ ಕಾಗದವಿಲ್ಲದ ವಿದ್ಯಾರ್ಥಿಗಳಿಗೆ 2001ರಿಂದ ಕೊಡುತ್ತಿದ್ದ ಕಡಿಮೆ ಫೀಯ ಸವಲತ್ತು ರದ್ದಾಯಿತು. ಕೇಂದ್ರ ಸರ್ಕಾರ ದಾವೆ ಹೂಡಿದ ದಿನವೇ ರಾಜ್ಯ ಒಪ್ಪಿಕೊಂಡುಬಿಟ್ಟಿತು. ಹ್ಯಾಚ್ 2022ರಲ್ಲಿ ತೀರಿಕೊಂಡರು. ಡರ್ಬಿನ್ ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಅಂದಿದ್ದಾರೆ.

ಇನ್ನೊಂದು ತೊಡಕು ನಮ್ಮಂಥವರದ್ದು. ಕಾಗದವಿದ್ದು 21ಕ್ಕೆ ಬೀದಿಗೆ ಬೀಳುವ ಮಕ್ಕಳಿಗಾಗಿ ಡೆಬೊರಾ ರಾಸ್, ಅಲೆಕ್ಸ್ ಪಡಿಯಾ ಮೊದಲಾದವರು 2021ರಲ್ಲೊಮ್ಮೆ, 2023ರಲ್ಲೊಮ್ಮೆ ಬೇರೆಯೇ ಮಸೂದೆ ತಂದರು, ಎರಡೂ ಪಕ್ಷದವರ ಸಹಿಯೊಂದಿಗೆ. ಭಾವ ಮತ್ತವರ ಗೆಳೆಯರು ಅದಕ್ಕಾಗಿ ಊರೂರಿನ ಪ್ರತಿನಿಧಿಗಳಿಗೆ ಪತ್ರ ಬರೆದರು. ನಮ್ಮನ್ನು ಅವರ ಜೊತೆ ಸೇರಿಸಬೇಡಿ ಎನ್ನುವ ಸಾಲು ಪ್ರತಿ ಪತ್ರದಲ್ಲೂ ಇತ್ತಂತೆ. ಆದರೆ ಇವಳಂಥವರನ್ನು ಒಳಗೊಂಡು ಕೆಳಮನೆಯಲ್ಲಿ ಪಾಸಾದದ್ದು, 2021ರ ಮಾರ್ಚ್ 18ರಂದು 228–197ರಿಂದ, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ ಮಸೂದೆ. ಅದೂ ಸೆನೆಟ್‌ನಲ್ಲಿ ಮತಕ್ಕೆ ಬರಲಿಲ್ಲ, ನಿಜ. ಪ್ರತ್ಯೇಕವಾಗಿ ಬೇಡಿದ್ದು ಅಷ್ಟು ದೂರವೂ ಹೋಗಲಿಲ್ಲ. ಸಾಲಿನಲ್ಲಿ ನಿಂತ ಅಪ್ಪಂದಿರು ಸಾಲು ಹಾರಿದ ತಾಯಂದಿರ ಪಕ್ಕದಲ್ಲಿ ನಿಂತು ಕೇಳಿದ್ದರೆ ಬೇರೆಯಾಗುತ್ತಿತ್ತೋ ಏನೋ. ಭಾವನಿಗೆ ಇದನ್ನು ಹೇಳುವ ಧೈರ್ಯ ನನಗೆ ಇಷ್ಟು ವರ್ಷ ಇರಲಿಲ್ಲ. ಹೇಳಲು ನಾನು ಯಾರು? ಹೊಸ್ತಿಲ ಈಚೆ ಕುರ್ಚಿಯ ಮೇಲೆ ಕೂತವನು.

ನವೆಂಬರಿನಲ್ಲಿ ಗ್ಯಾಂಗುಗಳು ಬಂದವು. ಹುಕ್ಕೇರಿಯ ಎರಡೆಕರೆಗೂ ಬಂದವು. ಆಕೆ ದಿನಾ ಸಂಜೆ ಹೊಲದ ಬದುವಿಗೆ ಹೋಗಿ ಗುಡಿಸಲಿನ ಮಕ್ಕಳ ಜೊತೆ ಕೂಡುತ್ತಿದ್ದಳು. ಅವರ ಮರಾಠಿ ಇವಳಿಗೆ ತಿಳಿಯದು. ಆದರೆ ಗೆಳತಿಯ ಮನೆಯಲ್ಲಿ ಸ್ಪ್ಯಾನಿಷ್ ತಿಳಿಯದೆ ಹೀಗೇ ಕೂಡುತ್ತಿದ್ದೆ ಅಂದಳು. ಒಂದು ಸಂಜೆ ಅವಳನ್ನು ಕರೆತರಲು ಹೋದವನು ಅಲ್ಲೇ ಬದುವಿನ ಮೇಲೆ ಕೂತು 2006ರದ್ದನ್ನೆಲ್ಲ ಹೇಳಿದೆ. ಸೋಗೆಗೆ ಬೆಂಕಿ ಹಚ್ಚಿದ್ದರು, ಹೊಗೆ ಕಣ್ಣಿಗೆ ಬರುತ್ತಿತ್ತು.

ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆಕಿ ಹೆಸರೇನಿತ್ತು ಮಾಮಾ?" ಅಂದಳು.

ನಾನು ಕೇಳಿರಲಿಲ್ಲ. ಟಿ.ಸಿ. ಕೇಳಿದೆ, ಜನ್ಮ ದಾಖಲೆ ಕೇಳಿದೆ, ಹೆಸರು ಕೇಳಿರಲಿಲ್ಲ.

"ಆಕಿಗೆ ಈಗ 27 ಇರಬೇಕು" ಅಂದಳು. ಮತ್ತೆ ಮಾತಾಡಲಿಲ್ಲ. ಮರುದಿನ ತಾನೇ ಹತ್ತಿರದ ಶಾಲೆಗೆ ಹೋಗಿ ಗುಡಿಸಲಿನ ನಾಲ್ಕು ಮಕ್ಕಳ ಹೆಸರು ಬರೆಸಿ ಬಂದಳು. ಅಲ್ಲಿನ ಬಾಯಾರು ಏನೂ ಕೇಳದೆ ಬರೆದುಕೊಂಡರಂತೆ. ಬರೆಸಿದವರ ಊರು ಅನ್ನುವಲ್ಲಿ ಏನು ಹೇಳಿದೆ ಎಂದು ಕೇಳಿದೆ. "ಹುಕ್ಕೇರಿ ಅಂತ ಬರಿಸೀನಿ. ಬ್ಯಾರೆ ಏನ್ ಬರಿಸ್ಲಿ?" ಅಂದಳು, ತುಸು ಸಿಟ್ಟಿನಲ್ಲೇ.

ಈಗ ಅವಳು ಕೆನಡಾದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳೆ. ಗೆಳತಿ ಇನ್ನೂ ಟೆಕ್ಸಾಸ್‌ನಲ್ಲೇ ಇದ್ದಾಳೆ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಅವಳು ದೇಶ ಬಿಟ್ಟು ಹೊರಟರೆ 1996ರ ಕಾನೂನಿನ ಪ್ರಕಾರ ಹತ್ತು ವರ್ಷ ತಿರುಗಿ ಕಾಲಿಡುವಂತಿಲ್ಲ. ಇವಳು ಅಲ್ಲಿಗೆ ಹೋಗಬೇಕೆಂದರೆ ವೀಸಾ ಸಿಗಬೇಕು. ವಾರಕ್ಕೆರಡು ಸಲ ವಿಡಿಯೋ ಕಾಲು ಮಾಡಿಕೊಳ್ಳುತ್ತಾರೆ, ಇಲ್ಲಿ ಮುಂಜಾನೆ, ಅಲ್ಲಿ ರಾತ್ರಿ.

ಬಂದ ಹೊಸತರಲ್ಲಿ, ಆಗಸ್ಟ್‌ನಲ್ಲಿ, ಅವಳನ್ನು ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋಗಿದ್ದೆ. ನೀರು ಕೆಂಪಗೆ, ತುಂಬಿ ಧುಮ್ಮಿಕ್ಕುತ್ತಿತ್ತು. ಅವಳು ಗೆಳತಿಗೆ ಕಾಲು ಮಾಡಿ ಫೋನನ್ನು ನೀರಿನ ಕಡೆ ತಿರುಗಿಸಿ ಹಿಡಿದಳು. ಆ ಕಡೆಯಿಂದ ಗೆಳತಿ ಏನೋ ಕೂಗಿದಳು. ನೀರಿನ ಸದ್ದಿನಲ್ಲಿ ಕೇಳಲಿಲ್ಲ. ಇವಳು ಸ್ಪ್ಯಾನಿಷಿನಲ್ಲಿ ಏನೋ ಕೂಗಿದಳು. ಅಷ್ಟರಲ್ಲಿ ನೆಟ್‌ವರ್ಕು ಹೋಯಿತು. ಮಳೆ ಸುರು ಆಯಿತು ನಡಿ ಎಂದು ನಾನು ಕರೆದರೂ ಅವಳು ಕೊಡೆಯ ಕೆಳಗೆ ಬರದೆ, ಫೋನು ಎತ್ತಿ ಹಿಡಿದುಕೊಂಡು ಬಂಡೆಯ ಮೇಲೆ ಆಚೀಚೆ ನಡೆಯುತ್ತಿದ್ದಳು.